ಬ್ರಿಟನ್‌ನ ಸ್ಕಿಲ್ಡ್ ವರ್ಕರ್ ವೀಸಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಕಂಪನಿ ಅಥವಾ ಆಸ್ಪತ್ರೆಯಿಂದ ಕೆಲಸದ ಆಫರ್ ಕೈಗೆ ಬಂದವರು, ಬರುವ ಹಾದಿಯಲ್ಲಿರುವವರು ಕೇಳುವ ಪ್ರಶ್ನೆಗಳಿವು. ಇಲ್ಲಿನ ಅಂಕಿಗಳು 2025ರ ಏಪ್ರಿಲ್‌ನಿಂದ 2026ರ ಜನವರಿವರೆಗೆ ಜಾರಿಗೆ ಬಂದ ನಿಯಮಗಳವು. ಶುಲ್ಕಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಏರುತ್ತವೆ. ಹಾಗಾಗಿ ದುಡ್ಡು ಕಟ್ಟುವ ದಿನ ಬ್ರಿಟನ್ ಸರ್ಕಾರದ ಗವ್.ಯುಕೆ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಈ ವೀಸಾ ಯಾರಿಗೆ ಸಿಗುತ್ತದೆ?

ಬ್ರಿಟನ್ನಿನ ಗೃಹ ಇಲಾಖೆಯಾದ ಹೋಮ್ ಆಫೀಸ್‌ನಿಂದ ಪ್ರಾಯೋಜಕ ಪರವಾನಗಿ (ವಿದೇಶಿಯರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಅನುಮತಿ) ಪಡೆದ ಸಂಸ್ಥೆ ಒಂದು ನಿರ್ದಿಷ್ಟ ಹುದ್ದೆಗೆ ನಿಮ್ಮನ್ನು ಆರಿಸಿದ್ದರೆ ಮಾತ್ರ. ಮೊದಲಿದ್ದ ಟಿಯರ್ 2 ಜನರಲ್ ವೀಸಾದ ಜಾಗಕ್ಕೆ 2020ರ ಡಿಸೆಂಬರ್ 1ರಂದು ಇದು ಬಂತು. ಒಮ್ಮೆಗೆ ಗರಿಷ್ಠ 5 ವರ್ಷ ಕೊಡುತ್ತಾರೆ, ಆಮೇಲೆ ವಿಸ್ತರಿಸಬಹುದು. ಲಾಟರಿ ಇಲ್ಲ, ವಾರ್ಷಿಕ ಮಿತಿ ಇಲ್ಲ. ಅಮೆರಿಕದ ಎಚ್-1ಬಿ ಲೆಕ್ಕದಲ್ಲಿ ಯೋಚಿಸಿ ಬರುವವರು ಲಾಟರಿಯ ಯೋಚನೆಯನ್ನು ಮೊದಲು ತಲೆಯಿಂದ ತೆಗೆಯಬೇಕು. ಷರತ್ತು ಪೂರೈಸಿದರೆ ಸಿಗುತ್ತದೆ, ಒಂದು ತಪ್ಪಿದರೂ ಸಿಗುವುದಿಲ್ಲ.

ಬೇಕಾದ್ದು ಒಟ್ಟು 70 ಅಂಕ: ಪರವಾನಗಿ ಇರುವ ಪ್ರಾಯೋಜಕರಿಗೆ 20, ತಕ್ಕ ಮಟ್ಟದ ಹುದ್ದೆಗೆ 20, ಇಂಗ್ಲಿಷ್‌ಗೆ 10, ಸಂಬಳಕ್ಕೆ 20. ಅಂಕ ಅಂದಾಕ್ಷಣ ಒಂದರಲ್ಲಿ ಕಡಿಮೆಯಾದರೆ ಇನ್ನೊಂದರಲ್ಲಿ ತುಂಬಿಸಬಹುದು ಅನ್ನಿಸುತ್ತದೆ. ಹಾಗೇನೂ ಇಲ್ಲ, ನಾಲ್ಕೂ ಬೇಕೇ ಬೇಕು.

ಕಂಪನಿಗೆ ಪರವಾನಗಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಪರವಾನಗಿ ಪಡೆದ ಎಲ್ಲ ಪ್ರಾಯೋಜಕರ ಪಟ್ಟಿಯನ್ನು ಹೋಮ್ ಆಫೀಸ್ ಗವ್.ಯುಕೆಯಲ್ಲಿ ಪ್ರಕಟಿಸಿ ಆಗಾಗ ಪರಿಷ್ಕರಿಸುತ್ತದೆ. ಅದರಲ್ಲಿ ಕಂಪನಿಯ ಹೆಸರು, ಊರು, ರೇಟಿಂಗ್, ಯಾವ ವೀಸಾ ಮಾರ್ಗಕ್ಕೆ ಪರವಾನಗಿ ಎಂಬುದೆಲ್ಲ ಇರುತ್ತದೆ. ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ‘ಸ್ಕಿಲ್ಡ್ ವರ್ಕರ್’ ಮಾರ್ಗ ನಮೂದಾಗಿದೆಯೇ, ರೇಟಿಂಗ್ ‘ಎ’ ಇದೆಯೇ ನೋಡಿ. ‘ಬಿ’ ದರ್ಜೆಗೆ ಇಳಿದ ಸಂಸ್ಥೆ ಹೊಸಬರನ್ನು ಪ್ರಾಯೋಜಿಸುವಂತಿಲ್ಲ.

ಪಟ್ಟಿಯಲ್ಲಿ ಇಲ್ಲದ ಸಂಸ್ಥೆ ಹೊಸದಾಗಿ ಪರವಾನಗಿ ಪಡೆಯಬಹುದು. ಸಣ್ಣ ಸಂಸ್ಥೆಗೆ ಶುಲ್ಕ 574 ಪೌಂಡ್, ದೊಡ್ಡದಕ್ಕೆ 1,579 ಪೌಂಡ್. ತೀರ್ಮಾನಕ್ಕೆ ಸಾಮಾನ್ಯವಾಗಿ 8 ವಾರದೊಳಗಿನ ಸಮಯ ಹಿಡಿಯುತ್ತದೆ. ಇನ್ನು, ಪಟ್ಟಿಯಲ್ಲಿ ನಿಜವಾದ ಕಂಪನಿಯ ಹೆಸರಿದ್ದ ಮಾತ್ರಕ್ಕೆ ನಿಮಗೆ ಮಿಂಚಂಚೆ ಬರೆದವರು ಆ ಕಂಪನಿಯವರೇ ಎಂದಾಗುವುದಿಲ್ಲ. ಆಫರ್ ಬಂದ ವಿಳಾಸ ಕಂಪನಿಯ ಸ್ವಂತ ಡೊಮೈನ್‌ನದೇ ಎಂದು ನೋಡಿ, ಜಾಲತಾಣದಲ್ಲಿರುವ ಸಂಖ್ಯೆಗೆ ಫೋನ್ ಮಾಡಿ ಎಚ್‌ಆರ್‌ನವರನ್ನೇ ಕೇಳಿ.

ಸಿಒಎಸ್ ಅಂದರೇನು? ಅದರ ಪ್ರಿಂಟ್ ಬೇಕೇ?

ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಅನ್ನು ಎಲ್ಲರೂ ಸಿಒಎಸ್ ಎನ್ನುತ್ತಾರೆ. ಹೆಸರಿನಲ್ಲಿ ಸರ್ಟಿಫಿಕೇಟ್ ಇದ್ದರೂ ಅದು ಕಾಗದವಲ್ಲ. ಹೋಮ್ ಆಫೀಸ್‌ನ ವ್ಯವಸ್ಥೆಯಲ್ಲಿ ಕಂಪನಿ ತುಂಬಿಸುವ ಒಂದು ದಾಖಲೆ. ನಿಮಗೆ ಬೇಕಾದ್ದು ಅದರ ಉಲ್ಲೇಖ ಸಂಖ್ಯೆ.

ಆದರೆ ಸಂಖ್ಯೆಯನ್ನಷ್ಟೇ ತೆಗೆದುಕೊಂಡು ಅರ್ಜಿ ಹಾಕಿಬಿಡುವುದು ಈ ಇಡೀ ಪ್ರಕ್ರಿಯೆಯಲ್ಲಿ ಜನ ಮಾಡುವ ಅತಿ ದುಬಾರಿ ಅವಸರ. ಅಧಿಕಾರಿ ನಿಮ್ಮ ಅರ್ಜಿಯನ್ನು ಅಳೆಯುವುದು ಸಿಒಎಸ್‌ನಲ್ಲಿರುವ ವಿವರಗಳಿಂದ, ನಿಮ್ಮ ಆಫರ್ ಲೆಟರ್‌ನಿಂದಲ್ಲ. ಆದ್ದರಿಂದ ಪೂರ್ತಿ ದಾಖಲೆಯ ಪಿಡಿಎಫ್ ಕಳಿಸಲು ಕಂಪನಿಗೆ ಹೇಳಿ, ಒಂದೊಂದೇ ಸಾಲು ಓದಿ. ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಸರಿ ಇವೆಯೇ? ಹುದ್ದೆಯ ಎಸ್‌ಒಸಿ ಕೋಡ್ (ಬ್ರಿಟನ್ನಿನ ಉದ್ಯೋಗ ವರ್ಗೀಕರಣದ ಸಂಖ್ಯೆ) ನಾಲ್ಕಂಕಿಯದು, ಅದು ನೀವು ಮಾಡುವ ಕೆಲಸಕ್ಕೆ ಹೊಂದುತ್ತದೆಯೇ? ಸಂಬಳ, ವಾರದ ಗಂಟೆಗಳು, ಕೆಲಸದ ಸ್ಥಳ, ಶುರು ಮತ್ತು ಮುಕ್ತಾಯದ ದಿನಾಂಕ ಸರಿಯೇ? ನಿಮ್ಮ ಮೊದಲ ತಿಂಗಳ ನಿರ್ವಹಣಾ ವೆಚ್ಚ ತಾವೇ ಭರಿಸುತ್ತೇವೆ ಎಂಬ ಕಡೆ ಟಿಕ್ ಮಾಡಿದ್ದಾರೆಯೇ? ಸಣ್ಣ ತಪ್ಪನ್ನು ಕಂಪನಿ ‘ಸ್ಪಾನ್ಸರ್ ನೋಟ್’ ಸೇರಿಸಿ ತಿದ್ದಬಹುದು. ಕೋಡೇ ತಪ್ಪಾಗಿದ್ದರೆ ಹೊಸ ಸಿಒಎಸ್ ಕೇಳುವುದು ಕ್ಷೇಮ.

ಭಾರತದಿಂದ ಅರ್ಜಿ ಹಾಕುವವರಿಗೆ ಬೇಕಾದ್ದು ‘ಡಿಫೈನ್ಡ್’ ಸಿಒಎಸ್. ಇದನ್ನು ಕಂಪನಿ ಪ್ರತಿ ಅಭ್ಯರ್ಥಿಗೂ ಬೇರೆಯಾಗಿ ಕೋರಿ ಪಡೆಯಬೇಕು. ಪ್ರಶ್ನೆಗಳೇನೂ ಏಳದಿದ್ದರೆ ಒಂದು ಕೆಲಸದ ದಿನದಲ್ಲಿ ಸಿಗುವುದುಂಟು. ಬ್ರಿಟನ್ ಒಳಗೇ ವೀಸಾ ಬದಲಿಸುವವರಿಗೆ ‘ಅನ್‌ಡಿಫೈನ್ಡ್’. ಒಂದರ ಬದಲು ಇನ್ನೊಂದು ಕೊಟ್ಟರೆ ಅರ್ಜಿ ಬಿದ್ದುಹೋಗುತ್ತದೆ.

ಸಿಒಎಸ್ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ? ನನ್ನ ನೋಟಿಸ್ ಪಿರಿಯಡ್ 90 ದಿನ ಇದೆ.

ಹಂಚಿಕೆಯಾದ ದಿನದಿಂದ 3 ತಿಂಗಳೊಳಗೆ ಅರ್ಜಿ ಹಾಕಬೇಕು. ಕೆಲಸ ಶುರುವಾಗುವ ದಿನಾಂಕಕ್ಕೆ 3 ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಬೆಂಗಳೂರಿನ ಐಟಿ ಕಂಪನಿಗಳ 90 ದಿನದ ನೋಟಿಸ್‌ಗೂ ಇದಕ್ಕೂ ತಾಳೆ ಹಾಕುವುದೇ ತಲೆನೋವು. ವೀಸಾ ಕೈಗೆ ಬರುವ ಮೊದಲು ರಾಜೀನಾಮೆ ಕೊಟ್ಟರೆ, ತಿರಸ್ಕಾರವಾದಾಗ ಎರಡೂ ಕಡೆ ಕೆಲಸವಿಲ್ಲ. ಕೊಡದೆ ಕೂತರೆ ಶುರುವಿನ ದಿನಾಂಕ ದಾಟಿಹೋಗುತ್ತದೆ.

ಒಂದು ದಾರಿ ಇದೆ. ಶುರುವಿನ ದಿನಾಂಕವನ್ನು ಸುಮಾರು ಎರಡೂವರೆ ತಿಂಗಳು ಮುಂದಕ್ಕೆ ಇಟ್ಟು ಸಿಒಎಸ್ ಹಂಚಲು ಕೇಳಿ. ಸಿಕ್ಕಿದ ವಾರವೇ ಅರ್ಜಿ ಹಾಕಿ, ವೀಸಾ ಬಂದ ದಿನ ರಾಜೀನಾಮೆ ಕೊಡಿ. ಉಳಿದ ಅಂತರವನ್ನು ರಜೆ ಹೊಂದಿಸಿಯೋ ನೋಟಿಸ್ ಬೈಔಟ್ ಮಾಡಿಯೋ ತುಂಬಿಸಿ. ಸಿಒಎಸ್‌ನಲ್ಲಿರುವ ಶುರುವಿನ ದಿನ, ವೀಸಾ ಜಾರಿಗೆ ಬರುವ ದಿನ, ವೀಸಾ ಮಂಜೂರಾದ ಸುದ್ದಿ ತಲುಪಿದ ದಿನ, ಈ ಮೂರರಲ್ಲಿ ಯಾವುದು ಕೊನೆಯದೋ ಅದರಿಂದ 28 ದಿನದೊಳಗೆ ಕೆಲಸಕ್ಕೆ ಹಾಜರಾದರೆ ತೊಂದರೆಯಿಲ್ಲ. ಅದಕ್ಕಿಂತ ತಡವಾದರೆ ಕಂಪನಿ ಹೋಮ್ ಆಫೀಸ್‌ಗೆ ಕಾರಣ ತಿಳಿಸಬೇಕಾಗುತ್ತದೆ.

ಸಂಬಳ ಎಷ್ಟಿರಬೇಕು?

ಬಹಳ ಜನ ಎಡವುವ ಜಾಗ ಇದು. 2025ರ ಜುಲೈ 22ರಿಂದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್. ಅದಕ್ಕೂ ಮೊದಲು 38,700 ಇತ್ತು, 2024ರ ಏಪ್ರಿಲ್‌ಗೆ ಮುಂಚೆ 26,200. ಹಳೆಯ ಅಂಕಿ ಹಿಡಿದು ಸಲಹೆ ಕೊಡುವವರು ಇನ್ನೂ ಇದ್ದಾರೆ. ಆದರೆ 41,700 ದಾಟಿದರೆ ಸಾಕು ಎಂದಲ್ಲ. ಪ್ರತಿ ಎಸ್‌ಒಸಿ ಕೋಡ್‌ಗೂ ಒಂದು ‘ಗೋಯಿಂಗ್ ರೇಟ್’, ಅಂದರೆ ಆ ಹುದ್ದೆಗೆ ನಿಗದಿಯಾದ ಸಂಬಳ, ಇದೆ. ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಬೇಕು.

ಸಾಫ್ಟ್‌ವೇರ್ ಡೆವಲಪರ್‌ಗಳ ಕೋಡ್ 2134 ತೆಗೆದುಕೊಳ್ಳಿ. ಇದರ ಗೋಯಿಂಗ್ ರೇಟ್ 54,700 ಪೌಂಡ್. 45,000 ಪೌಂಡ್ ಆಫರ್ ಇರುವ 32 ವರ್ಷದ ಡೆವಲಪರ್‌ಗೆ ವೀಸಾ ಸಿಗುವುದಿಲ್ಲ. ಅದೇ ಆಫರ್ ಇರುವ 25 ವರ್ಷದವರಿಗೆ ಸಿಗಬಹುದು. 26 ತುಂಬದವರನ್ನು ‘ನ್ಯೂ ಎಂಟ್ರಂಟ್’ ಎಂದು ಎಣಿಸಿ ಗೋಯಿಂಗ್ ರೇಟ್‌ನ ಶೇ 70 ಸಾಕು ಎನ್ನುತ್ತಾರೆ, ಅಂದರೆ 38,290 ಪೌಂಡ್. ಬೇರೆ ಹುದ್ದೆಗಳಲ್ಲಿ ಶೇ 70ರ ಲೆಕ್ಕ ಎಷ್ಟೇ ಕಡಿಮೆ ಬಂದರೂ 33,400ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಬ್ರಿಟನ್‌ನಲ್ಲಿ ಓದಿ ಸ್ಟೂಡೆಂಟ್ ಅಥವಾ ಗ್ರಾಜುಯೇಟ್ ವೀಸಾದಿಂದ ಬದಲಾಗುವವರಿಗೂ ಈ ರಿಯಾಯಿತಿ ಇದೆ. ಆದರೆ ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಸೇರಿ ಒಟ್ಟು 4 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ವಿಸ್ತರಣೆಗೆ ಪೂರ್ಣ ಸಂಬಳ ಬೇಕು. ಸೇರುವಾಗಲೇ ನಾಲ್ಕು ವರ್ಷದಾಚೆಯ ಸಂಬಳದ ಮಾತು ಆಡಿಕೊಳ್ಳುವುದು ಒಳ್ಳೆಯದು.

ಗೋಯಿಂಗ್ ರೇಟ್ ವಾರಕ್ಕೆ 37.5 ಗಂಟೆಯ ಲೆಕ್ಕದ್ದು ಎಂಬುದನ್ನೂ ಮರೆಯಬೇಡಿ. ನಿಮ್ಮ ಕರಾರಿನಲ್ಲಿ 40 ಗಂಟೆ ಇದ್ದರೆ ಅದೇ 54,700 ಏರಿ 58,346 ಪೌಂಡ್ ದಾಟುತ್ತದೆ. ಕರಾರಿನಲ್ಲಿ ಎರಡೂವರೆ ಗಂಟೆ ಹೆಚ್ಚು ಬರೆದದ್ದಕ್ಕೇ ಅರ್ಜಿ ಬಿದ್ದುಹೋಗಬಹುದು.

ಬೋನಸ್, ಮನೆ ಬಾಡಿಗೆ ಭತ್ಯೆ ಸೇರಿಸಬಹುದೇ?

ಇಲ್ಲ. ಲೆಕ್ಕಕ್ಕೆ ಬರುವುದು ಖಾತರಿಯಾದ ಮೂಲ ಸಂಬಳ ಮಾತ್ರ. ನಮ್ಮ ಸಿಟಿಸಿ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಂಪನಿಯವರು ‘ಪ್ಯಾಕೇಜ್’ ಎಂದರೆ ಬೇಸಿಕ್ ಎಷ್ಟು ಎಂದು ಕೇಳಿ.

ನನ್ನ ಕೆಲಸ ಅರ್ಹ ಪಟ್ಟಿಯಲ್ಲಿದೆಯೇ?

2025ರ ಜುಲೈ 22ರಿಂದ ಹೊಸ ಅರ್ಜಿಗಳಿಗೆ ಹುದ್ದೆ ಪದವಿ ಮಟ್ಟದ್ದಾಗಿರಬೇಕು, ಅಲ್ಲಿನ ಭಾಷೆಯಲ್ಲಿ ಆರ್‌ಕ್ಯೂಎಫ್ 6. ಷೆಫ್ ಸೇರಿದಂತೆ ಮೊದಲಿದ್ದ ಹಲವು ಹುದ್ದೆಗಳು ಇದರಿಂದ ಹೊರಬಿದ್ದವು. ಅಳತೆ ಹುದ್ದೆಯ ಮಟ್ಟಕ್ಕೆ, ನಿಮ್ಮ ಪದವಿಗಲ್ಲ. ಎಂ.ಟೆಕ್ ಮಾಡಿದವರು ಕೆಳಮಟ್ಟದ ಹುದ್ದೆಗೆ ಹೋದರೆ ವೀಸಾ ಸಿಗದು. ಪದವಿಗಿಂತ ಕೆಳಗಿನ ಕೆಲವು ಹುದ್ದೆಗಳನ್ನು ತಾತ್ಕಾಲಿಕ ಕೊರತೆ ಪಟ್ಟಿಯಲ್ಲಿ ಉಳಿಸಿದ್ದಾರೆ. ಆದರೆ ಆ ಹುದ್ದೆಗಳಿಗೆ ಹೊಸದಾಗಿ ಹೋಗುವವರು ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಕೇರ್ ವರ್ಕರ್ ವೀಸಾ ಕೊಡಿಸುತ್ತೇವೆ ಎಂದು ಏಜೆಂಟ್ ಹೇಳುತ್ತಿದ್ದಾರೆ.

ವಿದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವ ಬಾಗಿಲು 2025ರ ಜುಲೈ 22ಕ್ಕೇ ಮುಚ್ಚಿತು. ಆ ಹೆಸರಿನಲ್ಲಿ ಈಗ ಯಾರೇ ದುಡ್ಡು ಕೇಳಿದರೂ ಅದು ಮೋಸ.

ಸಿಒಎಸ್‌ಗೆ ದುಡ್ಡು ಕೊಡಬೇಕೇ?

ಕೊಡಬಾರದು. ಸಿಒಎಸ್ ಹಂಚಿಕೆ ಶುಲ್ಕ 525 ಪೌಂಡ್, ಅದರ ಜೊತೆ ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಎಂಬ ತೆರಿಗೆ, ಎರಡೂ ಕಂಪನಿಯ ಹೊಣೆ. 2025ರ ಡಿಸೆಂಬರ್ 16ರಿಂದ ಈ ತೆರಿಗೆ ದೊಡ್ಡ ಸಂಸ್ಥೆಗೆ ವರ್ಷಕ್ಕೆ 1,320 ಪೌಂಡ್, ಸಣ್ಣ ಸಂಸ್ಥೆಗೆ 480. 5 ವರ್ಷದ ವೀಸಾ ಎಂದರೆ ದೊಡ್ಡ ಕಂಪನಿಗೆ 7,125 ಪೌಂಡ್ ಖರ್ಚು. ಕಂಪನಿಗಳು ಮೊದಲು 2 ಅಥವಾ 3 ವರ್ಷಕ್ಕೆ ಮಾತ್ರ ಪ್ರಾಯೋಜಿಸುವುದರ ಹಿಂದೆ ಈ ಲೆಕ್ಕವೂ ಇದೆ.

ಸ್ಕಿಲ್ಸ್ ಚಾರ್ಜನ್ನು ಉದ್ಯೋಗಿಯ ತಲೆಗೆ ಕಟ್ಟುವುದು ನಿಯಮಬಾಹಿರ. ಸಿಒಎಸ್ ಶುಲ್ಕ ಮತ್ತು ಪರವಾನಗಿ ಶುಲ್ಕವನ್ನೂ 2024ರ ಡಿಸೆಂಬರ್ 31ರಿಂದ ಉದ್ಯೋಗಿಯಿಂದ ವಸೂಲಿ ಮಾಡುವಂತಿಲ್ಲ, ಮಾಡಿದರೆ ಕಂಪನಿಯ ಪರವಾನಗಿಗೇ ಕುತ್ತು. ವೀಸಾ ಶುಲ್ಕ ಮತ್ತು ಆರೋಗ್ಯ ಸರ್ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ಕಟ್ಟುವ ಹಣ) ವಿಷಯ ಬೇರೆ. ಅದನ್ನು ಕಂಪನಿ ಕಟ್ಟಿ, ನೀವು ಬೇಗ ಬಿಟ್ಟರೆ ವಾಪಸ್ ಕೊಡಬೇಕೆಂದು ಕರಾರು ಮಾಡಿಕೊಳ್ಳಬಹುದು. ಸಹಿ ಹಾಕುವ ಮುನ್ನ ಆ ಷರತ್ತು ಎಷ್ಟು ವರ್ಷದ್ದು, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ ನೋಡಿ.

ಭಾರತದಲ್ಲಿ ನೇಮಕಾತಿ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನೋಂದಣಿ ಇದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಹತ್ತು ಲಕ್ಷ, ಹದಿನೈದು ಲಕ್ಷಕ್ಕೆ ‘ಸಿಒಎಸ್ ಮಾರಾಟ’ ಮಾಡುವವರು ಕೊಡುವುದು ಬಹುಪಾಲು ಇಲ್ಲದ ಕೆಲಸದ ಸಿಒಎಸ್. ವೀಸಾ ಸಿಕ್ಕರೂ ಆ ಕಂಪನಿಯ ಪರವಾನಗಿ ರದ್ದಾದ ದಿನ ನೀವು ಬೀದಿಯಲ್ಲಿ.

ನಾನು ಕೈಯಿಂದ ಹಾಕಬೇಕಾದ ಒಟ್ಟು ಖರ್ಚು ಎಷ್ಟು?

2025ರ ಏಪ್ರಿಲ್ 9ರ ದರದಂತೆ, ಬ್ರಿಟನ್‌ನ ಹೊರಗಿನಿಂದ ಹಾಕುವ ಅರ್ಜಿಗೆ 3 ವರ್ಷದವರೆಗೆ 769 ಪೌಂಡ್, ಅದಕ್ಕಿಂತ ಹೆಚ್ಚಿನ ಅವಧಿಗೆ 1,519. ಒಳಗಿನಿಂದಾದರೆ 885 ಮತ್ತು 1,751. ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ತಲಾ ಅಷ್ಟೇ. ಆರೋಗ್ಯ ಸರ್ಚಾರ್ಜ್ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18ರ ಒಳಗಿನವರಿಗೆ 776. ಪೂರ್ತಿ ಅವಧಿಯದನ್ನು ಒಟ್ಟಿಗೇ ಮುಂಗಡವಾಗಿ ಕಟ್ಟಬೇಕು.

ಗಂಡ, ಹೆಂಡತಿ, ಇಬ್ಬರು ಮಕ್ಕಳು 5 ವರ್ಷಕ್ಕೆ ಹೊರಟರೆ ವೀಸಾ ಶುಲ್ಕ 6,076, ಸರ್ಚಾರ್ಜ್ 18,110, ಒಟ್ಟು 24,186 ಪೌಂಡ್. ವಿಮಾನದ ಟಿಕೆಟ್ಟಿಗೂ ಮನೆಯ ಮುಂಗಡಕ್ಕೂ ಮೊದಲಿನ ಖರ್ಚು ಇದು. ಆದ್ದರಿಂದ ಸಂಬಳದ ಮಾತುಕತೆ ಮಾಡುವಾಗಲೇ ಸರ್ಚಾರ್ಜ್ ಯಾರು ಕಟ್ಟುತ್ತಾರೆ, ಕುಟುಂಬದ್ದೂ ಸೇರಿಯೇ ಎಂದು ಕೇಳಿ ಬರಹದಲ್ಲಿ ಪಡೆಯಿರಿ. ಹೆಚ್ಚಿನವರು ಕೇಳುವುದೇ ಇಲ್ಲ.

ಕಾರ್ಡ್‌ನ ಮಿತಿಯನ್ನೂ ಮೊದಲೇ ನೋಡಿಕೊಳ್ಳಿ. ಅಷ್ಟು ದೊಡ್ಡ ಅಂತರರಾಷ್ಟ್ರೀಯ ಪಾವತಿಯನ್ನು ಬ್ಯಾಂಕ್ ತಡೆಹಿಡಿಯುವುದು ಸಾಮಾನ್ಯ. ಹೋಮ್ ಆಫೀಸ್ ತನ್ನದೇ ವಿನಿಮಯ ದರ ಬಳಸುವುದರಿಂದ ನೀವು ಗೂಗಲ್‌ನಲ್ಲಿ ನೋಡಿದ್ದಕ್ಕಿಂತ ಹೆಚ್ಚೇ ಬೀಳುತ್ತದೆ. ವೀಸಾ ತಿರಸ್ಕಾರವಾದರೆ ಸರ್ಚಾರ್ಜ್ ಹಿಂದಿರುಗುತ್ತದೆ, ವೀಸಾ ಶುಲ್ಕ ಹಿಂದಿರುಗುವುದಿಲ್ಲ.

ಬ್ಯಾಂಕಿನಲ್ಲಿ ಎಷ್ಟು ಹಣ ತೋರಿಸಬೇಕು?

ನಿಮಗೆ 1,270 ಪೌಂಡ್, ಸಂಗಾತಿಗೆ 285, ಮೊದಲ ಮಗುವಿಗೆ 315, ನಂತರದ ಪ್ರತಿ ಮಗುವಿಗೆ 200. ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ಆ 28ನೇ ದಿನ ಅರ್ಜಿಯ ದಿನಕ್ಕಿಂತ 31 ದಿನದೊಳಗಿರಬೇಕು. ಒಂದೇ ಒಂದು ದಿನ ಬಾಕಿ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ರೂಪಾಯಿಯನ್ನು ಪೌಂಡ್‌ಗೆ ತಿರುಗಿಸುವುದು ಒವಾಂಡಾ ಎಂಬ ಜಾಲತಾಣದ ಅರ್ಜಿ ದಿನದ ವಿನಿಮಯ ದರದಲ್ಲಿ. ಹಾಗಾಗಿ ಶೇ 10ರಷ್ಟು ಹೆಚ್ಚೇ ಇಡಿ.

ಹಣ ನಿಮ್ಮ ಹೆಸರಿನ ಅಥವಾ ಜೊತೆಗೆ ಅರ್ಜಿ ಹಾಕುವ ಸಂಗಾತಿಯ ಖಾತೆಯಲ್ಲಿರಬೇಕು. ಅಪ್ಪನ ಖಾತೆ ನಡೆಯದು, ಅದು ನಡೆಯುವುದು ಸ್ಟೂಡೆಂಟ್ ವೀಸಾದಲ್ಲಿ. ಚಿನ್ನ, ಸೈಟು, ಷೇರು, ಮುಂದಿನ ತಿಂಗಳು ಎತ್ತಲಿರುವ ಚೀಟಿ ಯಾವುದೂ ಲೆಕ್ಕಕ್ಕಿಲ್ಲ. ಬೇಕೆಂದಾಗ ಮುರಿಸಬಹುದಾದ ಎಫ್‌ಡಿ ನಡೆಯುತ್ತದೆ. ‘ಎ’ ರೇಟಿಂಗ್ ಇರುವ ಕಂಪನಿ ಮೊದಲ ತಿಂಗಳ ಖರ್ಚು ತಾನೇ ನೋಡಿಕೊಳ್ಳುತ್ತೇನೆಂದು ಸಿಒಎಸ್‌ನಲ್ಲಿ ದೃಢೀಕರಿಸಿದರೆ ಈ ಸ್ಟೇಟ್‌ಮೆಂಟಿನ ಗೊಡವೆಯೇ ಇಲ್ಲ. ಆದರೆ ಕುಟುಂಬಕ್ಕೂ ಅನ್ವಯ ಎಂದು ಅದರಲ್ಲಿ ಬರೆದಿರಬೇಕು.

ಇಂಗ್ಲಿಷ್ ಪರೀಕ್ಷೆ ಕಡ್ಡಾಯವೇ? ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮ.

ಇಂಗ್ಲಿಷ್ ಸಾಬೀತುಪಡಿಸುವುದು ಕಡ್ಡಾಯ, ಪರೀಕ್ಷೆ ಅಲ್ಲ. 2026ರ ಜನವರಿ 8ರಿಂದ ಹೊಸಬರಿಗೆ ಮಟ್ಟ ಯುರೋಪಿನ ಭಾಷಾ ಅಳತೆಯಲ್ಲಿ ಬಿ1ರಿಂದ ಒಂದು ಮೆಟ್ಟಿಲು ಮೇಲಿನ ಬಿ2ಗೆ ಏರಿದೆ. ಪದವಿ ಇಂಗ್ಲಿಷ್‌ನಲ್ಲಿ ಓದಿದ್ದರೆ ಎಕ್ಟಿಸ್ ಎಂಬ ಸಂಸ್ಥೆಯಿಂದ ಎರಡು ವಿಷಯ ದೃಢಪಡಿಸಿಕೊಳ್ಳಬೇಕು: ಪದವಿ ಬ್ರಿಟನ್ನಿನ ಪದವಿಗೆ ಸಮ ಎಂಬುದು, ಬೋಧನೆ ಇಂಗ್ಲಿಷ್‌ನಲ್ಲಿತ್ತು ಎಂಬುದು. ವಿಟಿಯು ಆಗಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಾಗಲಿ, ಬೋಧನಾ ಮಾಧ್ಯಮದ ಪತ್ರ ತರಲು ಓಡಾಟ ಇದ್ದದ್ದೇ. ಆಫರ್ ಬರುವ ಮೊದಲೇ ತರಿಸಿಟ್ಟುಕೊಳ್ಳಿ. ಕಾಲೇಜಿನ ಪತ್ರವನ್ನು ನೇರವಾಗಿ ಅರ್ಜಿಗೆ ಲಗತ್ತಿಸಿ ಎಕ್ಟಿಸ್ ಬಿಟ್ಟುಬಿಡುವಂತಿಲ್ಲ.

ಪರೀಕ್ಷೆ ಬರೆಯುವುದಾದರೆ ‘ಐಇಎಲ್‌ಟಿಎಸ್ ಫಾರ್ ಯುಕೆವಿಐ’ ಎಂದೇ ಬುಕ್ ಮಾಡಿ (ಯುಕೆವಿಐ ಎಂದರೆ ಬ್ರಿಟನ್ನಿನ ವೀಸಾ ವಿಭಾಗ). ಮಾಮೂಲು ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ 8 ಬ್ಯಾಂಡ್ ಬಂದರೂ ಈ ವೀಸಾಕ್ಕೆ ಅದು ನಡೆಯದು. ಬಿ2 ಎಂದರೆ ಓದು, ಬರಹ, ಮಾತು, ಆಲಿಕೆ ನಾಲ್ಕರಲ್ಲೂ ತಲಾ 5.5. ಫಲಿತಾಂಶ 2 ವರ್ಷ ಚಾಲ್ತಿ.

ನರ್ಸ್‌ಗಳಿಗೆ ನಿಯಮ ಬೇರೆಯೇ?

ಮಂಗಳೂರು, ಉಡುಪಿ ಕಡೆಯಿಂದ ಹೆಚ್ಚು ಬರುವ ಪ್ರಶ್ನೆ. ನರ್ಸ್, ವೈದ್ಯರು, ಕೆಲವು ಆರೋಗ್ಯ ವೃತ್ತಿಯವರಿಗೆ ‘ಹೆಲ್ತ್ ಅಂಡ್ ಕೇರ್’ ಎಂಬ ಒಳಮಾರ್ಗವಿದೆ. ಶುಲ್ಕ 3 ವರ್ಷದವರೆಗೆ 304 ಪೌಂಡ್, ಹೆಚ್ಚಿನ ಅವಧಿಗೆ 590. ದೊಡ್ಡ ಉಳಿತಾಯ ಎಂದರೆ ಆರೋಗ್ಯ ಸರ್ಚಾರ್ಜ್ ಕುಟುಂಬಕ್ಕೂ ಸೇರಿ ಇಲ್ಲವೇ ಇಲ್ಲ. ಸಂಬಳ 41,700 ಇರಬೇಕಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ರಾಷ್ಟ್ರೀಯ ವೇತನ ಶ್ರೇಣಿಯಂತೆ ಇದ್ದರೆ ಸಾಕು, ಕನಿಷ್ಠ 25,000 ಪೌಂಡ್.

ಆದರೆ ವೀಸಾಕ್ಕಿಂತ ಮೊದಲು ದಾಟಬೇಕಾದ್ದು ಬ್ರಿಟನ್ನಿನ ನರ್ಸಿಂಗ್ ಮಂಡಳಿಯಾದ ಎನ್‌ಎಂಸಿಯ ನೋಂದಣಿ. ಅದಕ್ಕೆ ಐಇಎಲ್‌ಟಿಎಸ್‌ನಲ್ಲಿ ಓದು, ಮಾತು, ಆಲಿಕೆಗೆ 7, ಬರಹಕ್ಕೆ 6.5, ಇಲ್ಲವೇ ಅದಕ್ಕೆ ಸಮನಾದ ಒಇಟಿ (ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ) ಅಂಕ ಬೇಕು. ನಂತರ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಬ್ರಿಟನ್‌ಗೆ ಹೋದ ಮೇಲೆ. ಎನ್‌ಎಂಸಿಗೆ ಇಂಗ್ಲಿಷ್ ತೋರಿಸಿದವರು ವೀಸಾಕ್ಕೆ ಮತ್ತೆ ತೋರಿಸಬೇಕಿಲ್ಲ.

ಆರೋಗ್ಯ, ಶಿಕ್ಷಣ, ಸಮಾಜಸೇವೆಯ ಹಲವು ಹುದ್ದೆಗಳಿಗೆ ಪೊಲೀಸ್ ಕ್ಲಿಯರೆನ್ಸ್ ಕೂಡ ಬೇಕು. ಕಳೆದ 10 ವರ್ಷದಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದಿಂದಲೂ ತರಬೇಕು. ಭಾರತದ್ದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ. ನಡುವೆ ಗಲ್ಫ್‌ನಲ್ಲಿ ಕೆಲಸ ಮಾಡಿದವರು ಅಲ್ಲಿನದಕ್ಕೆ ಬೇಗ ಅರ್ಜಿ ಹಾಕಿ. ತಡವಾಗುವುದು ಹೆಚ್ಚಾಗಿ ಅದೇ.

ಟಿಬಿ ಪರೀಕ್ಷೆ ಎಲ್ಲಿ ಮಾಡಿಸಬೇಕು?

ಹೋಮ್ ಆಫೀಸ್ ಒಪ್ಪಿದ ಕ್ಲಿನಿಕ್‌ನಲ್ಲಿ ಮಾತ್ರ. ಬೆಂಗಳೂರಿನಲ್ಲಿ ಅಂಥವು ಇವೆ, ಪಟ್ಟಿ ಗವ್.ಯುಕೆಯಲ್ಲಿದೆ. ಊರಿನ ಆಸ್ಪತ್ರೆಯ ಎಕ್ಸ್‌ರೇ ನಡೆಯದು. ಪ್ರಮಾಣಪತ್ರ 6 ತಿಂಗಳು ಚಾಲ್ತಿ. ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡರೆ ಕಫದ ಪರೀಕ್ಷೆಗೆ ಬರೆಯುತ್ತಾರೆ, ಅದರ ಕಲ್ಚರ್ ಫಲಿತಾಂಶಕ್ಕೆ 8 ವಾರ ಹಿಡಿಯಬಹುದು. ಮೊದಲು ಟಿಬಿ ಬಂದು ವಾಸಿಯಾದವರು ಹಳೆಯ ಫಿಲ್ಮು, ಚಿಕಿತ್ಸೆಯ ದಾಖಲೆ ಒಯ್ಯಿರಿ. ಇಂಥವರು ಸಿಒಎಸ್‌ಗೆ ಕಾಯದೆ ಪರೀಕ್ಷೆ ಮೊದಲೇ ಮಾಡಿಸಿಕೊಳ್ಳುವುದು ಜಾಣತನ. ಗರ್ಭಿಣಿಯರು ಎಕ್ಸ್‌ರೇ ಬದಲು ಕಫದ ಪರೀಕ್ಷೆ ಕೇಳಬಹುದು. ಸಾಮಾನ್ಯವಾಗಿ 11 ವರ್ಷದೊಳಗಿನ ಮಕ್ಕಳಿಗೆ ಎಕ್ಸ್‌ರೇ ಇಲ್ಲ, ಆದರೆ ಪ್ರಮಾಣಪತ್ರ ಬೇಕು.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಮಾರ್ಕ್ಸ್‌ ಕಾರ್ಡ್‌ನಲ್ಲಿ ಇನಿಷಿಯಲ್ ಇದೆ.

ಹಳೆ ಮೈಸೂರು ಕಡೆಯವರಿಗೆ ಇದು ಮಾಮೂಲು. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ‘ಮಂಜುನಾಥ ಎಚ್.ಎಸ್.’, ಪಾಸ್‌ಪೋರ್ಟ್‌ನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದ ಉದ್ದ ಹೆಸರು. ನಿಯಮ ಸರಳ: ಸಿಒಎಸ್, ಅರ್ಜಿ, ಟಿಬಿ ಪ್ರಮಾಣಪತ್ರ, ಇಂಗ್ಲಿಷ್ ಪರೀಕ್ಷೆ ಎಲ್ಲವೂ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಲಿ. ಆಫರ್ ಲೆಟರ್‌ನ ಹೆಸರು ನೋಡಿ ಸಿಒಎಸ್ ತುಂಬಿಸಬೇಡಿ, ಪಾಸ್‌ಪೋರ್ಟ್ ಪುಟ ನೋಡಿ ತುಂಬಿಸಿ ಎಂದು ಎಚ್‌ಆರ್‌ಗೆ ಹೇಳಿ. ಪದವಿ ಪತ್ರದಲ್ಲಿ ಬೇರೆ ಇದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಲಗತ್ತಿಸಿ. ಸಮಯವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ಬ್ಯಾಂಕ್, ತೆರಿಗೆ, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಅದೇ ಹೆಸರು ಅಂಟಿಕೊಳ್ಳುತ್ತದೆ.

ಮದುವೆ, ಜನನ ಪ್ರಮಾಣಪತ್ರ ಕನ್ನಡದಲ್ಲಿವೆ. ಸಾಕೇ?

ಅನುವಾದ ಬೇಕು. ಅನುವಾದಕರು ಅದು ನಿಖರ ಎಂದು ಬರೆದು ದಿನಾಂಕ, ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಕೊಟ್ಟಿರಬೇಕು. ಮೂಲವನ್ನೂ ಜೊತೆಗೆ ಅಪ್‌ಲೋಡ್ ಮಾಡಿ. ದೇವಸ್ಥಾನ ಅಥವಾ ಕಲ್ಯಾಣಮಂಟಪದ ಪತ್ರವನ್ನು ನೆಚ್ಚಬೇಡಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ತವರಿನದ್ದಾಗಿದ್ದು ಪಾಸ್‌ಪೋರ್ಟ್‌ನಲ್ಲಿ ಬದಲಾಗಿದ್ದರೆ ಅದಕ್ಕೂ ವಿವರಣೆ ಕೊಡಿ.

ಸಂಗಾತಿ ಕೆಲಸ ಮಾಡಬಹುದೇ? ತಂದೆ ತಾಯಿ ಬರಬಹುದೇ?

ಸಂಗಾತಿ ಯಾವ ಕೆಲಸವನ್ನಾದರೂ, ಎಷ್ಟು ಸಂಬಳಕ್ಕಾದರೂ ಮಾಡಬಹುದು, ವೃತ್ತಿಪರ ಕ್ರೀಡೆ ಬಿಟ್ಟು. ಪ್ರಾಯೋಜಕರು ಬೇಡ. ತಂದೆ ತಾಯಿಗೆ ಈ ವೀಸಾದಡಿ ಅವಕಾಶವಿಲ್ಲ, ವಿಸಿಟರ್ ವೀಸಾದಲ್ಲಿ ಬಂದು ಹೋಗಬಹುದು ಅಷ್ಟೇ.

ಅರ್ಜಿ ಹಾಕಿದ ಮೇಲೆ ಎಷ್ಟು ದಿನ?

ಆನ್‌ಲೈನ್ ಅರ್ಜಿ, ಪಾವತಿ, ದಾಖಲೆ ಅಪ್‌ಲೋಡ್, ನಂತರ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಎಂಬ ಖಾಸಗಿ ಸಂಸ್ಥೆಯ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ. ಬೆಂಗಳೂರಿನಲ್ಲಿ ಕೇಂದ್ರವಿದೆ. ಬೆರಳಚ್ಚು ಕೊಟ್ಟ ದಿನದಿಂದ ಸಾಮಾನ್ಯವಾಗಿ 3 ವಾರ, ಬ್ರಿಟನ್ ಒಳಗಿನ ಅರ್ಜಿಗೆ 8 ವಾರ. 500 ಪೌಂಡ್ ಹೆಚ್ಚು ಕಟ್ಟಿದರೆ 5 ಕೆಲಸದ ದಿನ. ಇದು ವೇಗಕ್ಕೆ ಕೊಡುವ ದುಡ್ಡು, ಒಪ್ಪಿಗೆಗಲ್ಲ. ವಿಎಫ್‌ಎಸ್‌ನವರು ತೀರ್ಮಾನ ಮಾಡುವವರಲ್ಲ. ‘ಈ ಕಾಗದ ಬೇಡ’ ಎಂದು ಕೌಂಟರ್‌ನಲ್ಲಿ ಹೇಳಿದರೂ ನಿಯಮದಲ್ಲಿ ಬೇಕು ಎಂದಿದ್ದರೆ ಅಪ್‌ಲೋಡ್ ಮಾಡಿಯೇ ಇರಿ.

ತಿರಸ್ಕಾರವಾಗುವುದು ಯಾಕೆ? ಆದರೆ ಏನು ಮಾಡಬೇಕು?

ಕೋಡ್‌ಗೆ ಸಂಬಳ ಸಾಲದಿರುವುದು, 28 ದಿನದ ಬಾಕಿ ತಪ್ಪುವುದು, ತಪ್ಪು ಇಂಗ್ಲಿಷ್ ಪರೀಕ್ಷೆ, ಹುದ್ದೆ ನಿಜವಾದದ್ದೇ ಎಂಬ ಅನುಮಾನ, ತೀರ್ಮಾನಕ್ಕೆ ಮುಂಚೆ ಕಂಪನಿಯ ಪರವಾನಗಿ ಹೋಗುವುದು. ಇವುಗಳಲ್ಲಿ ಕೊನೆಯದು ನಿಮ್ಮ ಕೈಯಲ್ಲಿಲ್ಲ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸುಳ್ಳು. ಯಾವುದೋ ಕಾಲದಲ್ಲಿ ಅಮೆರಿಕ ಅಥವಾ ಕೆನಡಾ ವೀಸಾ ತಿರಸ್ಕಾರವಾಗಿದ್ದನ್ನು ಮುಚ್ಚಿಟ್ಟರೆ, ನಕಲಿ ಅನುಭವ ಪತ್ರ ಕೊಟ್ಟರೆ, ವಂಚನೆ ಎಂದು ಪರಿಗಣಿಸಿ 10 ವರ್ಷ ನಿಷೇಧ ಹೇರಬಹುದು. ಹಳೆಯ ತಿರಸ್ಕಾರ ಹೇಳಿಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಅಧಿಕಾರಿಯೇ ತಪ್ಪು ಮಾಡಿದ್ದರೆ 28 ದಿನದೊಳಗೆ 80 ಪೌಂಡ್ ಕಟ್ಟಿ ಆಡಳಿತಾತ್ಮಕ ಮರುಪರಿಶೀಲನೆ ಕೇಳಬಹುದು. ಬ್ರಿಟನ್ ಒಳಗಿದ್ದರೆ ಗಡುವು 14 ದಿನ. ತಪ್ಪು ನಿಮ್ಮದಾಗಿದ್ದರೆ ಮರುಪರಿಶೀಲನೆಗೆ ದುಡ್ಡು ಸುರಿಯಬೇಡಿ, ಸರಿಪಡಿಸಿ ಹೊಸ ಅರ್ಜಿ ಹಾಕಿ. ಒಮ್ಮೆ ಬಳಸಿದ ಸಿಒಎಸ್ ಮತ್ತೆ ನಡೆಯದು, ಕಂಪನಿ ಹೊಸದು ಕೊಡಬೇಕು.

ಕೆಲಸ ಹೋದರೆ?

ಕಂಪನಿ 10 ಕೆಲಸದ ದಿನದೊಳಗೆ ಹೋಮ್ ಆಫೀಸ್‌ಗೆ ತಿಳಿಸುತ್ತದೆ. ಬಳಿಕ ವೀಸಾ ಮೊಟಕುಗೊಳಿಸುವ ಪತ್ರ ಬರುತ್ತದೆ, ಅದರಲ್ಲಿ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಎಣಿಕೆ ಶುರುವಾಗುವುದು ಆ ಪತ್ರದ ಪ್ರಕಾರ, ಕೆಲಸ ಬಿಟ್ಟ ದಿನದಿಂದಲ್ಲ. ಪತ್ರ ತಡವಾಗಿ ಬರಬಹುದು, ಆದರೆ ಅದನ್ನು ನೆಚ್ಚಿ ಕೂರಬೇಡಿ. ಅಷ್ಟರೊಳಗೆ ಹೊಸ ಪ್ರಾಯೋಜಕರಿಂದ ಸಿಒಎಸ್ ಪಡೆದು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು.

ತಾನಾಗಿ ಕೆಲಸ ಬದಲಿಸುವವರೂ ಹೊಸ ಅರ್ಜಿ ಹಾಕಬೇಕು, ಒಪ್ಪಿಗೆ ಬರುವವರೆಗೆ ಹೊಸ ಕಡೆ ಸೇರುವಂತಿಲ್ಲ. ಅರ್ಜಿ ಬಾಕಿ ಇರುವಾಗ ಅಜ್ಜಿಯ ತಿಥಿ, ತಂಗಿಯ ಮದುವೆ ಎಂದು ಊರಿಗೆ ಹೊರಟರೆ ಅರ್ಜಿ ಹಿಂಪಡೆದಂತೆ ಆಗಿಬಿಡುತ್ತದೆ. ವರ್ಷದಲ್ಲಿ 4 ವಾರಕ್ಕಿಂತ ಹೆಚ್ಚು ಸಂಬಳರಹಿತ ರಜೆಯೂ ವೀಸಾಕ್ಕೆ ಅಪಾಯ. ಹೆರಿಗೆ ರಜೆ, ಕಾಯಿಲೆಯಂಥವಕ್ಕೆ ವಿನಾಯಿತಿ ಇದೆ.

ನನ್ನ ಬೆಂಗಳೂರು ಕಂಪನಿಯೇ ಲಂಡನ್ ಕಚೇರಿಗೆ ಕಳಿಸುತ್ತಿದೆ. ಅದೂ ಇದೇ ವೀಸಾವೇ?

ಬಹುಶಃ ಅಲ್ಲ. ‘ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ’ ವರ್ಗದ ಸೀನಿಯರ್ ಆರ್ ಸ್ಪೆಷಲಿಸ್ಟ್ ವರ್ಕರ್ ವೀಸಾ ಇರಬಹುದು. ಸಂಬಳದ ಮಿತಿ 52,500 ಪೌಂಡ್, ಇಂಗ್ಲಿಷ್ ಪರೀಕ್ಷೆ ಬೇಡ. ಆದರೆ ಅದರಲ್ಲಿ ಎಷ್ಟು ವರ್ಷ ಕಳೆದರೂ ಕಾಯಂ ವಾಸಕ್ಕೆ ಎಣಿಕೆಯಾಗುವುದಿಲ್ಲ. ನೆಲೆ ನಿಲ್ಲುವ ಯೋಚನೆ ಇದ್ದರೆ ಹೊರಡುವ ಮೊದಲೇ ಸ್ಕಿಲ್ಡ್ ವರ್ಕರ್ ಕೇಳಿ. ಹೋದ ಮೇಲೆ ಬದಲಿಸಬಹುದು, ಕಳೆದ ವರ್ಷಗಳು ಮಾತ್ರ ಕೈಬಿಟ್ಟಂತೆ.

ಕಾಯಂ ವಾಸ ಯಾವಾಗ?

ಈ ವೀಸಾ 5 ವರ್ಷದ ಮಾರ್ಗವಾಗಿತ್ತು: ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು, ‘ಲೈಫ್ ಇನ್ ದ ಯುಕೆ’ ಪರೀಕ್ಷೆ ಪಾಸಾಗಬೇಕು, ಆಗಿನ ಸಂಬಳದ ಮಿತಿ ಪೂರೈಸಬೇಕು. 2025ರ ಮೇ ತಿಂಗಳ ಶ್ವೇತಪತ್ರ ಇದನ್ನು 10 ವರ್ಷಕ್ಕೆ ಏರಿಸುವ ಮಾತಾಡಿತು. ಅದೇ ನವೆಂಬರ್‌ನಲ್ಲಿ ವಿವರವಾದ ಪ್ರಸ್ತಾವ ಬಂತು, ಸಂಬಳ, ಹುದ್ದೆಯ ಮಟ್ಟ ನೋಡಿ ಅವಧಿ ಹೆಚ್ಚು ಕಡಿಮೆ ಮಾಡುವ ಲೆಕ್ಕ ಅದರಲ್ಲಿದೆ. ಆದ್ದರಿಂದ ‘ಐದು ವರ್ಷ ಕಳೆದರೆ ಪಿಆರ್’ ಎಂಬುದನ್ನು ಲೆಕ್ಕ ಹಾಕಿ ಮನೆ ಸಾಲ, ಮಕ್ಕಳ ಶಾಲೆ ತೀರ್ಮಾನಿಸಬೇಡಿ. ಹೊರಹೋದ, ಒಳಬಂದ ಪ್ರತಿ ದಿನಾಂಕವನ್ನು ಮೊದಲ ದಿನದಿಂದಲೇ ಒಂದು ಕಡೆ ಬರೆದಿಡಿ.

ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟಿಕ್ಕರ್ ಬಂದಿಲ್ಲ. ಹೇಗೆ ಹೋಗುವುದು?

2025ರ ಜುಲೈ 15ರಿಂದ ಈ ವೀಸಾದ ಮುಖ್ಯ ಅರ್ಜಿದಾರರಿಗೆ ಇ-ವೀಸಾ ಮಾತ್ರ, ಅಂದರೆ ಸ್ಟಿಕ್ಕರ್ ಬದಲು ಆನ್‌ಲೈನ್ ದಾಖಲೆ. ಯುಕೆವಿಐ ಖಾತೆ ತೆರೆದು ಅದರಲ್ಲಿ ವಿವರ ಸರಿಯಿದೆಯೇ ನೋಡಿ. ಕೆಲಸ ಕೊಟ್ಟವರಿಗೂ ಮನೆ ಮಾಲೀಕರಿಗೂ ತೋರಿಸಲು ‘ಶೇರ್ ಕೋಡ್’ ತೆಗೆಯುವುದೂ ಅಲ್ಲಿಂದಲೇ. ಪಾಸ್‌ಪೋರ್ಟ್ ನವೀಕರಿಸಿದರೆ ಹೊಸ ಸಂಖ್ಯೆಯನ್ನು ತಕ್ಷಣ ಖಾತೆಗೆ ಜೋಡಿಸಿ. ಜೋಡಿಸದೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದರೆ, ಏರ್‌ಲೈನ್ಸ್‌ನವರ ಪರದೆಯಲ್ಲಿ ನಿಮ್ಮ ಅನುಮತಿ ಕಾಣದೆ ಚೆಕ್‌ಇನ್‌ನಲ್ಲೇ ನಿಲ್ಲಿಸಬಹುದು. ಹಳೆಯ ಪಾಸ್‌ಪೋರ್ಟನ್ನೂ ಜೊತೆಗಿಟ್ಟುಕೊಳ್ಳಿ.